ಮಾತಾಡದ ಚಂದ್ರಾವತಿ

ದೇವದಾಸ ಶೇರಿಗಾರರ ದನಿ ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದರೆ, ಅವರ ಹೆಂಡತಿಯ ಬಾಯಿಗೆ ಹೋಯಿತು ಎಂದೇ ಹೇಳಬೇಕು. ಪಾರ್ಕಿನ್ಸನ್ಸ್ ಕಾಯಿಲೆ ಮೊದಲು ಅವರ ಬಲಗೈಯನ್ನು ಹಿಡಿದು ಅಲುಗಿಸಿತು, ಆಮೇಲೆ ಹೆಜ್ಜೆಯನ್ನು ಗಿಡ್ಡ ಮಾಡಿತು, ಕಡೆಗೆ ದನಿಗೆ ಕೈ ಹಾಕಿತು. ಎರಡು ವರ್ಷದಿಂದ ಅವರು ಮಾತಾಡಿದರೆ ತುಟಿ ಅಲುಗಿದ್ದು ಕಾಣುತ್ತದೆ, ಒಂದಿಷ್ಟು ಉಸಿರು ಕೇಳುತ್ತದೆ, ಅಷ್ಟೆ. ಆ ಉಸಿರಿನಿಂದ ಮಾತು ಹೆಕ್ಕಬಲ್ಲವರು ಇಡೀ ಕೋಲ್ಕತ್ತದಲ್ಲಿ ಒಬ್ಬರೇ ಇದ್ದರು, ಅದು ಚಂದ್ರಾವತಿ.

ಇದರ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಡಮ್ ಡಮ್‌ನ ನಾಗೇರ್‌ಬಜಾರಿನ ಫ್ಲ್ಯಾಟಿಗೆ ಮೇಲಿನ ಮನೆಯ ಮುಖರ್ಜಿಬಾಬು ಬಂದು ಕೂತರೆ, ಕುಂದಾಪುರದಿಂದ ಭಾವ ಫೋನು ಮಾಡಿದರೆ, ಮೀನಿನವನು ಬಾಗಿಲಲ್ಲಿ ನಿಂತು ದಾದಾ ಹೇಗಿದ್ದಾರೆ ಎಂದು ಕೇಳಿದರೆ, ಚಂದ್ರಾವತಿ ಗಂಡನ ತುಟಿಯ ಹತ್ತಿರ ಕಿವಿ ತಂದು, ಒಂದು ಗಳಿಗೆ ಕೇಳಿ, ತಲೆಯೆತ್ತಿ "ಅವ್ರ್ ಹೇಳ್ತಿದ್ರ್..." ಎಂದು ಶುರುಮಾಡುವಳು. ಅವರ ಮೂರು ಮಾತು ಅವಳ ಬಾಯಲ್ಲಿ ಮೂವತ್ತಾಗುತ್ತಿತ್ತು. ಅವರು "ಸಾಕಾಯ್ತ್" ಎಂದಿದ್ದರೆ ಅದು "ಮೊದಲಿಗಿಂತ ಎಷ್ಟೋ ಅಡ್ಡಿಲ್ಲ ಅಂಬ್ರ್" ಎಂದು ಹೊರಬೀಳುತ್ತಿತ್ತು. ಇದನ್ನು ಸುಳ್ಳು ಎಂದರೆ ಚಂದ್ರಾವತಿಗೆ ಬೇಜಾರಾಗುತ್ತದೆ. ಮನೆಯ ಸಂಕಟವನ್ನು ಬಂದವರ ಮಡಿಲಿಗೆ ಸುರಿಯಬಾರದು ಎಂದು ಅವಳನ್ನು ಬೆಳೆಸಿದ್ದರು. ಬರುಬರುತ್ತಾ ಅವಳಿಗೆ ಕಿವಿ ಹತ್ತಿರ ತರುವ ಅಗತ್ಯವೂ ಉಳಿಯಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಇವಳು ಹೇಳಿ ಮುಗಿಸಿರುತ್ತಿದ್ದಳು.

ವಿಚಿತ್ರವೆಂದರೆ, ಇದೇ ದೇವದಾಸರು ಇಲ್ಲಿಯ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದಾಗ ಇನ್ನೊಬ್ಬರ ಪರವಾಗಿ ಮಾತಾಡುವವರನ್ನು ಕಂಡರೆ ಉರಿದು ಬೀಳುತ್ತಿದ್ದರು. ಓದು ಬರಹ ಬಾರದವರು, ಕಣ್ಣು ಮಂಜಾದ ಮುದುಕರು ಹೆಬ್ಬೆಟ್ಟು ಒತ್ತಲು ಬಂದರೆ, ಕಾಗದದಲ್ಲಿ ಏನಿದೆ ಎಂದು ಅವರಿಗೆ ಓದಿ ಹೇಳಿ, ಅರ್ಥವಾಯಿತು ಎಂದು ಅವರಿಂದಲೇ ಹೇಳಿಸಿಕೊಳ್ಳಬೇಕು. ಎಷ್ಟೋ ಮ್ಯಾನೇಜರುಗಳು ಜೊತೆಗೆ ಬಂದ ಮಗನನ್ನೋ ಅಳಿಯನನ್ನೋ ಕೇಳಿ ಕೈತೊಳೆದುಕೊಳ್ಳುತ್ತಿದ್ದರು. ದೇವದಾಸರು ಹಾಗಲ್ಲ. ಎಡಗೈಯ ಎರಡು ಬೆರಳನ್ನು ಜೋಡಿಸಿ ಬಾಗಿಲಿನ ಕಡೆ ತೋರಿಸುತ್ತಿದ್ದರು. ಬಂದವರು ಎಂಥ ದೊಡ್ಡ ಮನುಷ್ಯರಾದರೂ ಹೊರಗೆ ಹೋಗಿ ಕೂರಬೇಕು. "ಖಾತೆದಾರರ ಬಾಯಿಂದ ಬರಲಿ" ಎನ್ನುವುದು ಅವರ ಮಾತು. ಒಮ್ಮೆ ಬಾರಾಸಾತ್ ಕಡೆಯ ಮುದುಕಿಯೊಬ್ಬಳ ಮಗ ತಾಯಿಯ ಬದಲು ಅರ್ಧ ಗಂಟೆ ತಾನೇ ಮಾತಾಡಿದನಂತೆ. ಅವನನ್ನು ಹೊರಗೆ ಕಳಿಸಿದ ಎರಡು ನಿಮಿಷಕ್ಕೆ ಮುದುಕಿ, ನನಗೆ ಇದಕ್ಕೆ ಹೆಬ್ಬೆಟ್ಟು ಒತ್ತಲು ಇಷ್ಟವಿಲ್ಲ ಬಾಬಾ, ಎಂದಳಂತೆ. ಈ ಕತೆಯನ್ನು ಚಂದ್ರಾವತಿ ಊಟಕ್ಕೆ ಬಡಿಸುತ್ತಾ ನೂರು ಸಲ ಕೇಳಿದ್ದಳು.

ಈಗ ಅವಳ ಜೀವವೆಲ್ಲ ನಿಂತಿದ್ದುದು ಒಂದು ಆಪರೇಷನ್ನಿನ ಮೇಲೆ. ಮೆದುಳಿನೊಳಕ್ಕೆ ಕೂದಲಿನಂಥ ಎರಡು ತಂತಿ ಇಳಿಸಿ, ಎದೆಯ ಚರ್ಮದಡಿ ಒಂದು ಪುಟ್ಟ ಬ್ಯಾಟರಿ ಇಡುತ್ತಾರೆ. ಕಾಯಿಲೆ ಹೋಗುವುದಿಲ್ಲ, ಆದರೆ ಕೈ ನಿಲ್ಲಬಹುದು, ಹೆಜ್ಜೆ ಹಗುರಾಗಬಹುದು, ಇನ್ನೊಂದಷ್ಟು ವರ್ಷ ಮನುಷ್ಯ ತನ್ನ ಅಂಗಿಯನ್ನು ತಾನೇ ಹಾಕಿಕೊಳ್ಳಬಹುದು. ಮಗಳು ಜ್ಯೋತ್ಸ್ನಾ ಇದನ್ನೆಲ್ಲ ವಿಚಾರಿಸಿ ಬೈಪಾಸ್ ಬದಿಯ ಆಸ್ಪತ್ರೆಯೊಂದರಲ್ಲಿ ಹೆಸರು ಬರೆಸಿದ್ದಳು. ಅವಳು ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಎಂಜಿನಿಯರು, ತಂತಿ ಬ್ಯಾಟರಿ ಎಂದರೆ ಅವಳಿಗೆ ಧೈರ್ಯ. ಆದರೆ ಈ ಆಪರೇಷನ್ನನ್ನು ಕೇಳಿದವರಿಗೆಲ್ಲ ಮಾಡುವುದಿಲ್ಲ. ಪರೀಕ್ಷೆಗಳಿರುತ್ತವೆ, ಕಮಿಟಿ ಕೂರುತ್ತದೆ, ಯಾರಿಗೆ ಮಾಡಬೇಕು ಯಾರಿಗೆ ಬೇಡ ಎಂದು ಅವರು ತೀರ್ಮಾನಿಸುತ್ತಾರೆ. ಆಸ್ಪತ್ರೆ ಕೊಟ್ಟ ಪುಸ್ತಿಕೆಯಲ್ಲಿ ಇದ್ದ ಒಂದು ಸಾಲು ಚಂದ್ರಾವತಿಯ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಬುದ್ಧಿ ಮಸುಕಾದವರಿಗೆ, ಇಲ್ಲದ್ದು ಕಣ್ಣಿಗೆ ಕಾಣುವವರಿಗೆ ಈ ಚಿಕಿತ್ಸೆ ಸೂಕ್ತವಾಗದಿರಬಹುದು.

ಏಕೆಂದರೆ ದೇವದಾಸರಿಗೆ ಕಾಣುತ್ತಿತ್ತು.

ಅದು ಶುರುವಾದದ್ದು ಇಲ್ಲಿಯವರು ಮಾಘದಲ್ಲಿ ಮಾಡುವ ಸರಸ್ವತಿ ಪೂಜೆ ಕಳೆದ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯ ಕಡೆ ನೋಡುತ್ತಾ ಅವರು ತುಟಿ ಅಲುಗಿಸಿದರು. "ಅಲ್ಲ್ ಒಂದ್ ಹೆಂಗ್ಸ್ ಕೂಕಂಡಿತ್ತ್. ಚಾ ಕೊಟ್ಟ್ಯಾ?"

ಚಂದ್ರಾವತಿ ತಿರುಗಿ ನೋಡಿದಳು. ಕುರ್ಚಿಯ ಮೇಲೆ ಮಡಿಸದ ಟವಲ್ಲು ಬಿಟ್ಟರೆ ಏನೂ ಇರಲಿಲ್ಲ. "ಯಾರೂ ಇಲ್ಲೆ. ಬಿಸ್ಲ್ ಬಿದ್ದದ್ ಅದ್" ಎಂದು ಪರದೆ ಎಳೆದಳು. ಮರುದಿನ ಮತ್ತೆ ಅದೇ. ಆಮೇಲೆ ವಾರಕ್ಕೆ ನಾಲ್ಕು ದಿನ. ಅವಳು ಕುರ್ಚಿಯನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಳು, ಕಡೆಗೆ ಬಾಲ್ಕನಿಗೆ ಸಾಗಿಸಿದಳು. ಆಗ ಅವರು ಕುರ್ಚಿ ಇದ್ದ ಜಾಗವನ್ನು ನೋಡತೊಡಗಿದರು. ಯಾರು ಅದು, ಹೇಗಿದ್ದಾಳೆ, ಏನು ಮಾಡುತ್ತಾಳೆ ಎಂದು ಚಂದ್ರಾವತಿ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಭಯ ಅವಳಿಗೆ. ಜ್ಯೋತ್ಸ್ನಾಳಿಗೂ ಹೇಳಲಿಲ್ಲ, ಡಾಕ್ಟರಿಗಂತೂ ಬಾಯಿಯೇ ಬಿಡಲಿಲ್ಲ. ಹತ್ತು ಗಂಟೆಯಾಗುತ್ತಲೇ ಅವರ ಮುಂದೆ ಪೇಪರು ಹಿಡಿದು ಕಿಟಕಿಗೆ ಅಡ್ಡ ನಿಂತು ಏನಾದರೂ ಮಾತಾಡುತ್ತಿರುತ್ತಿದ್ದಳು. ಹೊರಗಿನವರು ಯಾರಾದರೂ ಇದ್ದಾಗ ಅವರ ಕಣ್ಣು ಆ ಕಡೆ ಹೊರಳಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು.

ಹೀಗಿರುವಾಗ, ಭಾದ್ರಪದದ ಬಿಸಿಲಿನಲ್ಲಿ ಬೀದಿಬೀದಿಗೆ ದುರ್ಗಾಪೂಜೆಯ ಪೆಂಡಾಲಿನ ಬಿದಿರು ಏಳುತ್ತಿದ್ದ ದಿನಗಳಲ್ಲಿ, ಆಸ್ಪತ್ರೆಯಿಂದ ಪ್ರಶ್ನೆಗಳ ಒಂದು ಕಟ್ಟು ಮನೆಗೆ ಬಂತು. ಬದುಕಿನ ಗುಣಮಟ್ಟದ ಪ್ರಶ್ನಾವಳಿ ಅಂತೆ. ಹೋದ ತಿಂಗಳಲ್ಲಿ ನಿಮಗೆ ಬಟ್ಟೆ ಹಾಕಿಕೊಳ್ಳಲು ಕಷ್ಟವಾಯಿತೆ, ಜನರ ಎದುರು ನಾಚಿಕೆಯಾಯಿತೆ, ಬೀಳುವ ಭಯವಾಯಿತೆ, ಒಬ್ಬಂಟಿ ಅನ್ನಿಸಿತೆ, ಸಂಗಾತಿಯಿಂದ ಬೇಕಾದ ಆಸರೆ ಸಿಗಲಿಲ್ಲವೆ, ಎಂದು ಮೂರು ಪುಟದ ಪ್ರಶ್ನೆಗಳು. ಎದುರಿಗೆ ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ, ಯಾವಾಗಲೂ ಎಂದು ಐದು ಚೌಕ. ರೋಗಿಯೇ ಉತ್ತರಿಸಬೇಕು, ಬರೆಯಲು ಬೇರೆಯವರು ನೆರವಾಗಬಹುದು ಎಂದು ಮೇಲೆ ಅಚ್ಚಾಗಿತ್ತು.

ಚಂದ್ರಾವತಿ ಕನ್ನಡಕ ಹಾಕಿಕೊಂಡು ಗಂಡನ ಎದುರು ಕೂತಳು. ಮೊದಲ ಪ್ರಶ್ನೆ ಓದಿದಳು. ಅವರು ಯೋಚಿಸಿ ಬಾಯಿ ತೆರೆಯಲು ಹೊರಟಾಗ ಇವಳ ಪೆನ್ನು ಆಗಲೇ ಎಂದೂ ಇಲ್ಲ ಎಂಬ ಚೌಕಕ್ಕೆ ಇಳಿದಿತ್ತು. ಬ್ಯಾಂಕಿನವರ ಮನೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು, ಮೇಲಿನವರ ಕೈಗೆ ಹೋಗುವ ಫೈಲು ಯಾವಾಗಲೂ ಚೊಕ್ಕಟವಾಗಿರಬೇಕು. ಚೊಕ್ಕಟ ಫೈಲು ಪಾಸಾಗುತ್ತದೆ, ತಕರಾರಿನ ಫೈಲು ವಾಪಸು ಬರುತ್ತದೆ. ಹತ್ತನೆಯ ಪ್ರಶ್ನೆಯ ನಂತರ ಅವಳು ಓದುವುದನ್ನೂ ಬಿಟ್ಟಳು. ಮೂರು ಪುಟಕ್ಕೆ ಮೂರು ಪುಟ ಎಂದೂ ಇಲ್ಲ, ಎಂದೂ ಇಲ್ಲ, ಎಂದೂ ಇಲ್ಲ. ಇಲ್ಲದ್ದು ಕಾಣುತ್ತದೆಯೆ ಎಂಬ ಪ್ರಶ್ನೆಗೂ ಅದೇ. ಅಲ್ಲಿ ಮಾತ್ರ ಪೆನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿತು.

ಕೊನೆಗೆ ಸಹಿ ಹಾಕಿಸಿದಳು. ಒಂದು ಕಾಲಕ್ಕೆ ಅರ್ಧ ಗೆರೆ ತುಂಬುತ್ತಿದ್ದ ಅವರ ಸಹಿ ಈಗ ಸಾಸಿವೆ ಚೆಲ್ಲಿದಷ್ಟು ಸಣ್ಣದಾಗಿತ್ತು. ಸಹಿ ಹಾಕುವ ಮೊದಲು ಅವರು ಪುಟ ತಿರುಗಿಸಿ ನೋಡಲು ಕೈ ಮಾಡಿದರು. "ಎಲ್ಲ ಸಮ ಇತ್ತ್, ಹಾಕಿ" ಎಂದು ಚಂದ್ರಾವತಿ ಬೆರಳಿಟ್ಟು ಜಾಗ ತೋರಿಸಿದಳು.

ಹದಿನೈದು ದಿನಕ್ಕೆ ಕಮಿಟಿಯ ಉತ್ತರ ಬಂತು. ಜ್ಯೋತ್ಸ್ನಾ ಅದನ್ನು ಮೊಬೈಲಿನಲ್ಲಿ ಓದುತ್ತಾ ಓದುತ್ತಾ ಸೋಫಾದಿಂದ ಎದ್ದು ನಿಂತಳು. ರೋಗಿಯ ಬದುಕಿನ ಗುಣಮಟ್ಟ ಬಹಳ ಚೆನ್ನಾಗಿದೆ, ಸದ್ಯಕ್ಕೆ ತಲೆಬುರುಡೆ ತೆರೆಯುವಷ್ಟು ಅಪಾಯ ತೆಗೆದುಕೊಳ್ಳುವ ಕಾರಣವಿಲ್ಲ, ಒಂದು ವರ್ಷದ ನಂತರ ನೋಡೋಣ.

"ಅಮ್ಮ, ಈ ಫಾರ್ಮ್ ಯಾರು ಫಿಲ್ ಮಾಡಿದ್ದು?"

"ಅಪ್ಪ ಹೇಳ್ರ್, ನಾನ್ ಬರ್ದೆ."

"ಎಲ್ಲದಕ್ಕೂ ನೆವರ್ ಅಂತ ಹೇಳಿದ್ರಾ? ಶರ್ಟ್ ಹಾಕೋಕೆ ನೆವರ್ ಪ್ರಾಬ್ಲಮ್? ಎ ಕೀ, ಏನಿದು ಅಮ್ಮ, ಬೆಳಿಗ್ಗೆ ಬಟನ್ ಹಾಕಿದ್ದು ನಾನೇ ಅಲ್ವಾ?"

ಚಂದ್ರಾವತಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಚೆನ್ನಾಗಿದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದಳು, ಚೆನ್ನಾಗಿದ್ದರೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ. ಗಂಡನನ್ನು ಅವಳೇ ಕಾಗದದ ಮೇಲೆ ಗುಣಪಡಿಸಿ ಆಸ್ಪತ್ರೆಯಿಂದ ಹೊರಗೆ ಹಾಕಿಸಿದ್ದಳು. ಜ್ಯೋತ್ಸ್ನಾ ಫೋನಿನ ಮೇಲೆ ಫೋನು ಮಾಡಿ, ತಪ್ಪಾಗಿದೆ ಎಂದು ಬೇಡಿಕೊಂಡು, ಗುರುವಾರ ಮತ್ತೆ ಒಂದು ಪರೀಕ್ಷೆಗೆ ಒಪ್ಪಿಸಿದಳು. ಇದು ಕೊನೆಯ ಅವಕಾಶ ಎಂದು ಅವಳು ಹೇಳಲಿಲ್ಲ, ಆದರೆ ದನಿಯಲ್ಲಿ ಇತ್ತು.

ಅಲ್ಲಿಂದ ಗುರುವಾರದವರೆಗೆ ಚಂದ್ರಾವತಿಗೆ ಅನ್ನ ಇಳಿಯಲಿಲ್ಲ. ಈಗ ಕಷ್ಟವನ್ನು ಹೇಳಬೇಕು, ಆದರೆ ಎಷ್ಟು ಹೇಳಬೇಕು? ಕೈ ನಡುಗುವುದನ್ನು ಹೇಳಬಹುದು, ಬಾಗಿಲು ದಾಟುವಾಗ ಕಾಲು ನೆಲಕ್ಕೆ ಅಂಟುವುದನ್ನು ಹೇಳಬಹುದು. ಆ ಒಂದನ್ನು ಹೇಳಿದರೆ ಎಲ್ಲವೂ ನೀರಿನಲ್ಲಿ ಹೋದಂತೆ. ಬುಧವಾರ ಮಧ್ಯಾಹ್ನ ಗಂಡನನ್ನು ಕೂರಿಸಿಕೊಂಡು ಪಾಠ ಹೇಳಿದಳು.

"ಹ್ವಾಯ್, ಅಂಗಿ ಹಾಕೂಕಾತಿಲ್ಲೆ ಅಂದ್ ಹೇಳಿ. ನಡೂಕಾತಿಲ್ಲೆ ಅಂದ್ ಹೇಳಿ. ಆ ಕುರ್ಚಿದ್ ಮಾತ್ರ ಹೇಳ್ಬ್ಯಾಡಿ. ಅದ್ ಹೇಳ್ರೆ ಮುಗೀತ್, ಆಪರೇಷನ್ ಮಾಡುದಿಲ್ಲೆ."

ಅವರು ಅವಳನ್ನು ಬಹಳ ಹೊತ್ತು ನೋಡಿದರು. ಕಾಯಿಲೆ ಅವರ ಮುಖದ ಮೇಲಿನ ಭಾವವನ್ನೂ ಒರೆಸಿ ಹಾಕಿತ್ತು, ಸಿಟ್ಟೋ ದುಃಖವೋ ಏನೂ ತಿಳಿಯುತ್ತಿರಲಿಲ್ಲ. ತುಟಿ ಅಲುಗಿತು. "ಅದ್..." ಎಂದರು.

"ನಂಗೊತ್ತಿತ್ತ್. ಎಂತದೂ ಹೆದರ್ಬ್ಯಾಡಿ" ಎಂದು ಚಂದ್ರಾವತಿ ಮೂರು ಗಂಟೆಯ ಮಾತ್ರೆಯನ್ನು ಅವರ ಬಾಯಿಗೆ ಇಟ್ಟಳು. 'ಅದ್' ಎಂದಮೇಲೆ ಏನಿತ್ತೋ ಅದು ಮಾತ್ರೆಯ ಜೊತೆ ಒಳಗೆ ಹೋಯಿತು.

ಗುರುವಾರ ಜ್ಯೋತ್ಸ್ನಾಳಿಗೆ ರಜೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೇ ಬಾಡಿಗೆ ಕಾರಿನಲ್ಲಿ ಹೊರಟರು. ಆಸ್ಪತ್ರೆಯ ಲಿಫ್ಟಿನ ಬಾಗಿಲಲ್ಲಿ ದೇವದಾಸರ ಕಾಲು ಅಂಟಿತು. ಹಿಂದಿನಿಂದ ಜನ ಒತ್ತುತ್ತಿದ್ದರು. ಚಂದ್ರಾವತಿ ಛತ್ರಿಯನ್ನು ಅವರ ಪಾದದ ಮುಂದೆ ಅಡ್ಡ ಇಟ್ಟಳು. ನೆಲದ ಮೇಲೆ ನಡೆಯಲಾರದ ಮನುಷ್ಯ ಛತ್ರಿಯನ್ನು ಸಲೀಸಾಗಿ ದಾಟಿ ಒಳಗೆ ಬಂದರು. ಮೆದುಳಿನ ಈ ಆಟ ಅವಳಿಗೆ ಎಂದೂ ಅರ್ಥವಾಗಿರಲಿಲ್ಲ, ಅಡ್ಡಿ ಇದ್ದರೆ ನಡೆಯುತ್ತಾರೆ, ಇಲ್ಲದಿದ್ದರೆ ನಿಲ್ಲುತ್ತಾರೆ.

ಪರೀಕ್ಷೆ ಮಾಡುವವಳು ಪೌಲಮಿ ಎಂಬ ಹುಡುಗಿ, ಮನಃಶಾಸ್ತ್ರ ಓದಿದವಳು. ಜ್ಯೋತ್ಸ್ನಾಳ ವಯಸ್ಸೇ ಇರಬೇಕು. ಅವಳು ಬಂಗಾಳಿಯಲ್ಲಿ, ಮನೆಯ ಚಿಕ್ಕಪ್ಪನನ್ನು ವಿಚಾರಿಸುವ ಹಾಗೆ, ಮೇಶೋಮಶಾಯ್ ಹೇಗಿದ್ದೀರಿ, ಎಂದು ಕೇಳಿದಳು.

"ಬಹಳ ಕಷ್ಟ" ಎಂದಳು ಚಂದ್ರಾವತಿ, ಬಂಗಾಳಿಯಲ್ಲೇ. "ಅವರು ಹೇಳ್ತಿದ್ದಾರೆ, ಕೈ ನಿಲ್ಲೋದೇ ಇಲ್ಲ ಅಂತ."

ಪೌಲಮಿ ದೇವದಾಸರನ್ನು ನೋಡಿದಳು. ಅವರ ತುಟಿ ಅಲುಗಿರಲೇ ಇಲ್ಲ. "ಊಟ ಮಾಡುವಾಗ ಹೇಗೆ, ಮೇಶೋ?"

"ಅದೂ ಕಷ್ಟ. ಮೀನಿನ ಮುಳ್ಳು ತೆಗೆಯೋಕಾಗಲ್ಲ. ನಾನೇ ತೆಗೆದು ಕೊಡಬೇಕು."

"ಮನಸ್ಸಿಗೆ?"

"ಮನಸ್ಸು ಗಟ್ಟಿ ಇದೆ. ಬುದ್ಧಿ ಚುರುಕಾಗಿದೆ. ಅದರಲ್ಲಿ ಏನೂ ತೊಂದರೆ ಇಲ್ಲ."

ಪೌಲಮಿ ಪೆನ್ನು ಕೆಳಗಿಟ್ಟಳು. "ಮಾಶಿಮಾ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

"ಅವರ ಮಾತು ನಿಮಗೆ ಕೇಳಿಸೋದಿಲ್ಲಮ್ಮ. ನನ್ನೊಬ್ಬಳಿಗೇ ತಿಳಿಯೋದು."

ಹುಡುಗಿ ಮೇಜಿನ ಖಾನೆಯಿಂದ ಬೆರಳುದ್ದದ ಮೈಕೊಂದನ್ನು ತೆಗೆದು ದೇವದಾಸರ ಅಂಗಿಯ ಕಾಲರಿಗೆ ಸಿಕ್ಕಿಸಿದಳು, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರನ್ನು ಮೇಜಿನ ಮೇಲಿಟ್ಟಳು. "ನನಗೆ ಅವಸರವಿಲ್ಲ. ನಿಧಾನಕ್ಕೆ ಕೇಳ್ತೀನಿ" ಎಂದಳು.

ಚಂದ್ರಾವತಿ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ನೀವೇ ಹೇಳಿ, ನಾನು ಇರಬೇಕಲ್ಲವೆ, ಎನ್ನುವ ಹಾಗೆ ಗಂಡನ ಕಡೆ ನೋಡಿದಳು. ದೇವದಾಸರ ಎಡಗೈ ತೊಡೆಯಿಂದ ಮೇಲೆದ್ದಿತು. ನಡುಗುತ್ತಿತ್ತು, ಆದರೂ ಎರಡು ಬೆರಳು ಜೋಡಿಯಾದವು, ಬಾಗಿಲಿನ ಕಡೆ ತಿರುಗಿದವು. ಬ್ಯಾಂಕಿನಲ್ಲಿ ಎಷ್ಟೋ ಮಕ್ಕಳನ್ನು, ಅಳಿಯಂದಿರನ್ನು ಹೊರಗೆ ಕಳಿಸಿದ ಕೈ ಅದು. ಅದು ತನ್ನ ಕಡೆಗೂ ತಿರುಗಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣು ಮಂಜಾಗಿ, ಛತ್ರಿಯನ್ನು ಅಲ್ಲೇ ಮರೆತು ಹೊರಗೆ ಬಂದಳು.

ಹೊರಗಿನ ಬೆಂಚಿನ ಮೇಲೆ ಚಂದ್ರಾವತಿ ಕೂತಳು, ಎದ್ದಳು, ಮತ್ತೆ ಕೂತಳು. ಹೇಳಿಬಿಡುತ್ತಾರೆ. ಖಂಡಿತ ಹೇಳಿಬಿಡುತ್ತಾರೆ, ಆ ಮನುಷ್ಯನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಕುರ್ಚಿ, ಹೆಂಗಸು, ಚಾ, ಎಲ್ಲ ಹೇಳುತ್ತಾರೆ, ಆ ಹುಡುಗಿ ಅದನ್ನು ಬರೆದುಕೊಳ್ಳುತ್ತಾಳೆ, ಕಮಿಟಿ ಫೈಲು ಮುಚ್ಚುತ್ತದೆ. ಮುಂದಿನ ವರ್ಷ ಅವರು ಹಾಸಿಗೆಯಿಂದ ಏಳುವುದಿಲ್ಲ. ಅದರ ಮುಂದಿನ ವರ್ಷ ಅನ್ನ ನುಂಗುವುದೂ ಕಷ್ಟ. ತಾನು ಒಬ್ಬಳೇ ಆ ಫ್ಲ್ಯಾಟಿನಲ್ಲಿ, ಮಾತು ಕೇಳಿಸದ ಗಂಡನ ಜೊತೆ, ಬಾಲ್ಕನಿಯ ಆ ಹಾಳು ಕುರ್ಚಿಯ ಜೊತೆ. ಜ್ಯೋತ್ಸ್ನಾಳ ಫೋನು ಬಂತು. "ಏನಾಯ್ತು ಅಮ್ಮ?" ಎಂದಳು. "ನನ್ನ ಹೊರಗ್ ಹಾಕ್ರ್" ಎಂದಳು ಚಂದ್ರಾವತಿ. ಯಾರು ಎಂದು ಮಗಳು ಕೇಳಿದ್ದಕ್ಕೆ "ನಿನ್ನ್ ಅಪ್ಪ" ಎಂದು ಫೋನು ಇಟ್ಟಳು.

ಇಪ್ಪತ್ತು ನಿಮಿಷವಾಗಿರಬೇಕು. ಬಾಗಿಲಿನ ಆ ಕಡೆಯಿಂದ ಒಂದು ದನಿ ಬಂತು. ಮಾತು ಬಿಡಿಸಿ ಕೇಳುತ್ತಿರಲಿಲ್ಲ, ಸ್ಪೀಕರಿನ ಗೊರಗೊರ ಬೇರೆ. ಚಂದ್ರಾವತಿ ಬಾಗಿಲಿನ ಹತ್ತಿರಕ್ಕೆ ಸರಿದಳು. ದೇವದಾಸರ ದನಿ. ಸ್ವಲ್ಪ ಮೂಗಿನಿಂದ ಬರುವ, ಪ್ರತಿ ವಾಕ್ಯದ ಕೊನೆಗೆ ಕೆಳಗಿಳಿಯುವ, ಎರಡು ವರ್ಷದಿಂದ ಅವಳು ಕೇಳದಿದ್ದ ದನಿ. ಅವರ ಮಾತು ತನ್ನ ಕಿವಿಯಲ್ಲಿ ಸದಾ ಇದೆ ಎಂದುಕೊಂಡಿದ್ದಳು. ಅವಳು ಕೇಳುತ್ತಿದ್ದುದೆಲ್ಲ ತನ್ನ ದನಿಯೇ ಆಗಿತ್ತು. ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಎದುರಿನ ಬೆಂಚಿನ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿದಳು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಒಳಗೆ ಪೌಲಮಿಯ ಜೊತೆ ಡಾಕ್ಟರೂ ಬಂದು ನಿಂತಿದ್ದರು, ಪಕ್ಕದ ಬಾಗಿಲಿನಿಂದ ಬಂದಿರಬೇಕು. ಅವರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಆಪರೇಷನ್ ಈಗ ಬೇಡ. ಒಂದೂವರೆ ವರ್ಷದ ಹಿಂದೆ ಬಿಗಿತಕ್ಕೆಂದು ಕೊಟ್ಟ ಸಣ್ಣ ಬಿಳಿ ಮಾತ್ರೆ ಇದೆಯಲ್ಲ, ಕೆಲವರಿಗೆ ಅದರಿಂದಲೇ ಹೀಗೆ ಇಲ್ಲದ್ದು ಕಾಣುತ್ತದೆ. ಅದನ್ನು ಹಂತಹಂತವಾಗಿ ಇಳಿಸೋಣ. ಬಿಗಿತ ಸ್ವಲ್ಪ ಹೆಚ್ಚಾಗುತ್ತದೆ, ತಡೆದುಕೊಳ್ಳಬೇಕು. ಮೂರು ತಿಂಗಳ ನಂತರ ಕಾಣುವುದು ನಿಂತಿದ್ದರೆ ಮತ್ತೆ ಪರೀಕ್ಷೆ ಮಾಡಿ ಕಮಿಟಿಗೆ ಕಳಿಸೋಣ. ನಿಲ್ಲದಿದ್ದರೆ ಬೇರೆ ದಾರಿ ಯೋಚಿಸೋಣ. ಹೋಗುವಾಗ ಬಾಗಿಲಲ್ಲಿ ನಿಂತು, "ಶುರುವಾದಾಗಲೇ ಹೇಳಬಹುದಿತ್ತು" ಎಂದರು. ಬೈಯುವ ದನಿಯೇನೂ ಇರಲಿಲ್ಲ.

ಚಂದ್ರಾವತಿ ಲೆಕ್ಕ ಹಾಕಿದಳು. ಮೊದಲ ವಾರವೇ ಬಾಯಿ ಬಿಟ್ಟಿದ್ದರೆ ಎಂಟು ತಿಂಗಳ ಹಿಂದೆಯೇ ಮಾತ್ರೆ ಇಳಿಯುತ್ತಿತ್ತು, ಇಷ್ಟು ಹೊತ್ತಿಗೆ ಏನಾದರೊಂದು ಇತ್ಯರ್ಥವಾಗಿರುತ್ತಿತ್ತು. ಆ ಎಂಟು ತಿಂಗಳು ಅವಳು ಕಿಟಕಿಗೆ ಅಡ್ಡ ನಿಂತು ಕಳೆದಿದ್ದಳು.

"ಮೇಶೋ ನಿಮಗೆ ಓದಿ ಹೇಳು ಅಂದಿದ್ದಾರೆ" ಎಂದಳು ಪೌಲಮಿ. "ಅವರ ಬ್ಯಾಂಕಿನ ಪದ್ಧತಿಯಂತೆ. ಮೊದಲು ಒಬ್ಬರೇ ಹೇಳಬೇಕು, ಆಮೇಲೆ ಮನೆಯವರನ್ನು ಕರೆದು ಅವರೆದುರು ಓದಬೇಕು." ಅವಳು ಕಾಗದ ಎತ್ತಿಕೊಂಡಳು. ಬಟ್ಟೆ ಹಾಕಿಕೊಳ್ಳಲು ಕಷ್ಟ, ಯಾವಾಗಲೂ. ಬೀಳುವ ಭಯ, ಬಹಳ ಸಲ. ಸಂಗಾತಿಯಿಂದ ಆಸರೆ ಸಿಗಲಿಲ್ಲ ಎಂಬ ಪ್ರಶ್ನೆ ಬಂದಾಗ ಚಂದ್ರಾವತಿ ನೆಲ ನೋಡಿದಳು. ಎಂದೂ ಇಲ್ಲ. ಅದರ ಕೆಳಗಿನದು, ನಿಮ್ಮ ಮಾತನ್ನು ಜನ ಕೇಳುವುದಿಲ್ಲ ಎಂದು ಅನ್ನಿಸಿದೆಯೆ? ಯಾವಾಗಲೂ.

ಪುಟದಂಚಿನಲ್ಲಿ ಸಾಸಿವೆ ಸಹಿ ಇತ್ತು. ಪ್ರತಿ ಪುಟದಲ್ಲೂ ಇತ್ತು.

"ಇನ್ನೊಂದು" ಎಂದಳು ಪೌಲಮಿ, ಕಾಗದ ಮಡಿಸುತ್ತಾ. "ನಿಮ್ಮ ಹತ್ತಿರ ಕೆಂಪಂಚಿನ ಹಳದಿ ಸೀರೆ ಇದೆಯಾ?"

"ಇತ್ತು. ಅಂಚು ಹರಿದಿದೆ, ಕಪಾಟಿನಲ್ಲಿದೆ. ಯಾಕಮ್ಮ?"

"ಕಿಟಕಿಯ ಹತ್ತಿರ ಕೂರುವ ಹೆಂಗಸು ಆ ಸೀರೆ ಉಟ್ಟಿರುತ್ತಾಳಂತೆ. ಅದು ನೀವೇ ಅಂತೆ, ಮಾಶಿಮಾ. ಮೊದಮೊದಲು ಗುರುತು ಸಿಗಲಿಲ್ಲವಂತೆ, ಆಮೇಲೆ ಮುಖ ಕಂಡಿತಂತೆ. ನೀವು ಅಡುಗೆಮನೆಯಲ್ಲಿರುತ್ತೀರಿ, ನೀವೇ ಅಲ್ಲೂ ಕೂತಿರುತ್ತೀರಿ. ಭಯವಾಗುತ್ತಿತ್ತು ಅಂದರು. ನಿಮಗೆ ಹೇಳಲು ಬಹಳ ಸಲ ನೋಡಿದರಂತೆ." ಹುಡುಗಿ ಮಡಿಸಿದ ಕಾಗದವನ್ನು ಫೈಲಿಗೆ ಸೇರಿಸಿದಳು. "ಹಾಗಾದರೆ ಯಾರು ನಿಜ ಅಂತ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವಳು ಮಾತಾಡುವುದಿಲ್ಲ, ಅಂದರು."

ಚಂದ್ರಾವತಿ ಗಂಡನ ಕಡೆ ತಿರುಗಿದಳು. ಕುರ್ಚಿಯ ಹೆಂಗಸಿನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತು, ಎಷ್ಟು ಶಾಪ ಹಾಕಿದ್ದಳು.

ವಾಪಸು ಬರುವಾಗ ಬೈಪಾಸಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಸಂಜೆ ನಾಲ್ಕರ ಬಿಸಿಲು ಕಾರಿನೊಳಕ್ಕೆ ಓರೆಯಾಗಿ ಬೀಳುತ್ತಿತ್ತು. ಚಂದ್ರಾವತಿ ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಸುಮ್ಮನೆ ಕೂತಳು. ಇನ್ನು ತಾನು ಬಾಯಿ ಹಾಕಬಾರದು. ಅವರು ಹೇಳಲಿ, ಎಷ್ಟು ಹೊತ್ತಾದರೂ ಆಗಲಿ, ಕಾಯಬೇಕು. ಉಲ್ಟಾಡಾಂಗಾದಲ್ಲಿ ಹೇಗೆ ಹೋಗಲಿ, ಕೆಳಗಿನಿಂದಲೋ ಮೇಲುಸೇತುವೆಯಿಂದಲೋ ಎಂದು ಡ್ರೈವರು ಕೇಳಿದ. ಉತ್ತರ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಡ್ರೈವರು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ತನಗೆ ತೋಚಿದ ದಾರಿ ಹಿಡಿದ.

ಐದು ನಿಮಿಷ, ಹತ್ತು ನಿಮಿಷ ಅವಳು ತುಟಿಪಿಟಕ್ಕೆನ್ನಲಿಲ್ಲ. ಇಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಮದುವೆಯಾದಾಗಿನಿಂದ ಬಹುಶಃ ಇದೇ ಮೊದಲು. ಸರಿ ಮಾಡುತ್ತಿದ್ದೇನೆ ಎಂದುಕೊಂಡಳು.

ಆಗ ದೇವದಾಸರ ಕಡೆ ಏನೋ ಅಲುಗಿದ ಹಾಗಾಗಿ ತಿರುಗಿದಳು. ಅವರು ಅವಳನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ, ಆದರೆ ಕಣ್ಣು ದೆವ್ವವನ್ನು ಕಂಡಂತೆ ಅಗಲವಾಗಿತ್ತು. ಅವರು ಅವಳ ಮುಖ ನೋಡಿದರು, ಸೀರೆ ನೋಡಿದರು, ಅವಳ ಹಿಂದಿನ ಕಿಟಕಿ ನೋಡಿದರು. ಬಲಗೈ ಮೊದಲಿಗಿಂತ ಜೋರಾಗಿ ನಡುಗತೊಡಗಿತು. ಕಿಟಕಿಯ ಪಕ್ಕದಲ್ಲಿ ಚಂದ್ರಾವತಿ ಮಾತಿಲ್ಲದೆ ಕೂತಿದ್ದಾಳೆ. ಕುರ್ಚಿಯ ಆ ಹೆಂಗಸಿನ ಹಾಗೆಯೇ ಎಂದು ಅವಳಿಗೆ ಆಗ ಅರ್ಥವಾಯಿತು.

ಅವರ ಎಡಗೈ ಮೆಲ್ಲಗೆ ಸೀಟಿನ ಮೇಲೆ ಸರಿದು ಬಂದು ಅವಳ ಮುಂಗೈಯನ್ನು ಮುಟ್ಟಿತು, ಬಿಸಿ ಪಾತ್ರೆಯನ್ನು ಮುಟ್ಟಿ ನೋಡುವ ಹಾಗೆ.

"ನೀನೇ ಅಲ್ದಾ?"

"ನಾನೇ" ಎಂದಳು ಚಂದ್ರಾವತಿ. "ನಾನೇ ಹ್ವಾಯ್."

ಅವರ ಉಸಿರು ಸಡಿಲವಾಯಿತು. ತುಟಿ ಮತ್ತೆ ಅಲುಗಿತು, ಅವಳು ಕಿವಿಯನ್ನು ಹತ್ತಿರ ತಂದಳು. "ಹಾಂಗಾರ್ ಮಾತಾಡ್" ಎಂದರು.

ಮಾತಾಡು ಎಂದು ಅವಳಿಗೆ ಯಾರೂ ಹೇಳಬೇಕಾದ ಪ್ರಸಂಗ ಈವರೆಗೆ ಬಂದಿರಲಿಲ್ಲ. ಬಾಯಿ ತೆರೆದಳು. ಏನೂ ಬರಲಿಲ್ಲ. ಎರಡು ವರ್ಷ ಅವಳು ಆಡಿದ್ದೆಲ್ಲ ಅವರು ಹೇಳ್ತಿದ್ದಾರೆ, ಅವರು ಚೆನ್ನಾಗಿದ್ದಾರೆ, ಅವರಿಗೆ ಅಡ್ಡಿಲ್ಲ. ಅದೆಲ್ಲವನ್ನೂ ತೆಗೆದಿಟ್ಟರೆ ತನ್ನದು ಎನ್ನುವ ಮಾತು ಯಾವುದು ಎಂದು ಹುಡುಕಬೇಕಾಯಿತು. ಕಾರು ಲೇಕ್‌ಟೌನಿನ ಗಡಿಯಾರದ ಹತ್ತಿರ ಸಿಗ್ನಲ್ಲಿಗೆ ನಿಂತಿತು. ರಸ್ತೆಯ ಆ ಬದಿ ಪೆಂಡಾಲಿಗೆ ಬಟ್ಟೆ ಹೊಲಿಯುತ್ತಿದ್ದರು.

"ನಂಗ್ ಹೆದ್ರಿಕಿ ಆತ್ತ್" ಎಂದಳು ಚಂದ್ರಾವತಿ. "ತುಂಬ ಹೆದ್ರಿಕಿ ಆತ್ತ್."

ದೇವದಾಸರು ಬಾಯಿ ತೆರೆದರು. ಏನು ಹೇಳಲು ಹೊರಟಿದ್ದಾರೆ ಎಂದು ಅವಳಿಗೆ ಗೊತ್ತಿತ್ತು, ಹೆದರ್ಬ್ಯಾಡ ಎನ್ನುತ್ತಾರೆ, ಇಷ್ಟು ವರ್ಷ ಅದನ್ನೇ ಹೇಳಿದ ಮನುಷ್ಯ. ಅವಳು ಅವರ ಕೈಯನ್ನು ಹಿಡಿದುಕೊಂಡು ಕಾದಳು. ಸಿಗ್ನಲ್ಲು ಹಸಿರಾಯಿತು, ಕಾರು ಹೊರಟಿತು, ಬಾಂಗೂರು ಬಡಾವಣೆ ಹಿಂದೆ ಹೋಯಿತು. ಅವರ ತುಟಿ ಒಂದಕ್ಕೊಂದು ತಾಗಿ ಬಿಟ್ಟು ಮತ್ತೆ ತಾಗುತ್ತಿತ್ತು. ಅವಳು ಬಾಯಿ ಹಾಕಲಿಲ್ಲ. ಜೆಸ್ಸೋರ್ ರಸ್ತೆಗೆ ತಿರುಗುವಾಗ ಮಾತು ಬಂತು.

"ನಂಗೂ" ಎಂದರು ದೇವದಾಸರು.